ಭಾರ ಎತ್ತಲು ಶುರುಮಾಡಿದ ಮೇಲೆ ತೂಕ ಇಳಿಯುವುದು ನಿಂತಿತೇಕೆ?

ಪ್ರಶ್ನೆ: ನಡಿಗೆ ಮತ್ತು ಮಿತವಾದ ಊಟದಿಂದ ನಾಲ್ಕು ತಿಂಗಳಲ್ಲಿ 7 ಕೆಜಿ ಇಳಿಸಿಕೊಂಡೆ. ಹೋದ ತಿಂಗಳಿಂದ ವಾರಕ್ಕೆ ಮೂರು ದಿನ ಜಿಮ್‌ನಲ್ಲಿ ಭಾರ ಎತ್ತುತ್ತಿದ್ದೇನೆ. ಮೊದಲ ವಾರವೇ ತೂಕ ಒಂದು ಕೆಜಿ ಏರಿತು. ಆಮೇಲೆ ಹಳೆಯ ಅಂಕಿಗೆ ಬಂದು ಅಲ್ಲೇ ಕುಳಿತಿದೆ. ಊಟದಲ್ಲಿ ಏನೂ ಬದಲಾಗಿಲ್ಲ. ಭಾರ ಎತ್ತುವುದನ್ನು ಬಿಡಲೇ? ಊಟವನ್ನು ಇನ್ನೂ ಕಡಿಮೆ ಮಾಡಲೇ?

ಉತ್ತರ: ಎರಡೂ ಬೇಡ, ಸದ್ಯಕ್ಕಂತೂ ಬೇಡ. ತೂಕದ ಯಂತ್ರಕ್ಕೆ ಕೊಬ್ಬು, ನೀರು, ಎಲುಬು, ಹೊಟ್ಟೆಯಲ್ಲಿ ಉಳಿದ ನಿನ್ನೆಯ ಊಟ ಎಲ್ಲವೂ ಒಂದೇ. ಈ ಒಂದು ತಿಂಗಳಲ್ಲಿ ನಿಮ್ಮ ಮೈಯಲ್ಲಿ ಕೊಬ್ಬು ಇಳಿದು, ನೀರು ಏರಿರುವ ಸಾಧ್ಯತೆಯೇ ಹೆಚ್ಚು.

ನೀವೇ ಕೊಟ್ಟ ಲೆಕ್ಕವನ್ನು ಹಿಡಿದು ನೋಡೋಣ. ನಾಲ್ಕು ತಿಂಗಳಿಗೆ 7 ಕೆಜಿ ಎಂದರೆ ವಾರಕ್ಕೆ ಸರಿಸುಮಾರು 400 ಗ್ರಾಂ. ಒಂದು ಕೆಜಿ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಇರುತ್ತದೆ. ಅಂದರೆ ದಿನಕ್ಕೆ 450 ಕಿಲೊಕ್ಯಾಲೊರಿಯಷ್ಟು ಕೊರತೆಯನ್ನು ನೀವು ನಿಭಾಯಿಸಿಕೊಂಡು ಬಂದಿದ್ದೀರಿ. (ಮೊದಲ ವಾರಗಳಲ್ಲಿ ಇಳಿದ ತೂಕದಲ್ಲೂ ಒಂದಿಷ್ಟು ನೀರಿತ್ತು. ನೀರು ಹೋದಾಗ ಯಾರೂ ದೂರು ಹೇಳುವುದಿಲ್ಲ, ಬಂದಾಗ ಮಾತ್ರ ಗಾಬರಿ.) ಅದೇ ಕ್ರಮ ಮುಂದುವರಿದಿದ್ದರೆ ಹೋದ ತಿಂಗಳು ಒಂದೂವರೆ ಕೆಜಿಯಷ್ಟು ಕೊಬ್ಬು ಕರಗಿರಬೇಕು. ಅದನ್ನು ಮರೆಮಾಚಲು ಒಂದೂವರೆ ಲೀಟರ್ ನೀರು ಮೈಯಲ್ಲಿ ನಿಂತರೆ ಸಾಕು.

ಅಷ್ಟು ನೀರು ಎಲ್ಲಿಂದ ಬರುತ್ತದೆ? ರೂಢಿಯಿಲ್ಲದ ಭಾರ ಎತ್ತಿದಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣಸಣ್ಣ ಹಾನಿಗಳಾಗುತ್ತವೆ. ಮಾರನೆಯ ದಿನ ಮೆಟ್ಟಿಲಿಳಿಯುವಾಗ ತೊಡೆ ಹಿಡಿದುಕೊಳ್ಳುವುದು ಅದರದೇ ಗುರುತು. ದುರಸ್ತಿಗಾಗಿ ಆ ಜಾಗಕ್ಕೆ ದ್ರವ ಸೇರಿ, ಸ್ನಾಯು ಒಳಗೊಳಗೇ ಸ್ವಲ್ಪ ಊದಿಕೊಳ್ಳುತ್ತದೆ. ಮೊದಲ ವಾರದ ಆ ಒಂದು ಕೆಜಿಯಲ್ಲಿ ಇದರ ಪಾಲು ದೊಡ್ಡದು. ವ್ಯಾಯಾಮ ರೂಢಿಯಾದಂತೆ ಈ ಊತ ತಗ್ಗುತ್ತದೆ, ಆದರೆ ಪ್ರತಿ ವಾರ ಭಾರ ಹೆಚ್ಚಿಸುತ್ತಲೇ ಇದ್ದರೆ ಪೂರ್ತಿ ಹೋಗುವುದಿಲ್ಲ. ಇನ್ನೊಂದು ಕಾರಣ ಗ್ಲೈಕೊಜನ್, ಅಂದರೆ ಸ್ನಾಯುಗಳು ತಮಗೆಂದು ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು. ಕೆಲಸ ಹೆಚ್ಚಿದಂತೆ ಸ್ನಾಯುಗಳು ಈ ದಾಸ್ತಾನನ್ನೂ ಹೆಚ್ಚಿಸಿಕೊಳ್ಳುತ್ತವೆ. ಒಂದು ಗ್ರಾಂ ಗ್ಲೈಕೊಜನ್ ತನ್ನ ಜೊತೆಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 150 ಗ್ರಾಂ ಹೆಚ್ಚುವರಿ ಸೇರಿದರೂ ಯಂತ್ರದ ಮೇಲೆ ಅದು 600 ಗ್ರಾಂ. ಜಿಮ್‌ನಲ್ಲಿ ಯಾರದಾದರೂ ಮಾತು ಕೇಳಿ ಕ್ರಿಯೇಟಿನ್ ಪುಡಿ ಶುರುಮಾಡಿದ್ದರೆ ಇನ್ನೊಂದು ಕೆಜಿ ನೀರಿಗೂ ಲೆಕ್ಕ ಸಿಕ್ಕಿತು.

ಇನ್ನು, ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಸಮಾಧಾನವೊಂದಿದೆ: ‘ಚಿಂತೆ ಬೇಡ, ಕೊಬ್ಬು ಸ್ನಾಯುವಾಗಿ ಬದಲಾಗುತ್ತಿದೆ.’ ನನಗೆ ಈ ಮಾತು ಕೇಳಿದರೆ ಕಿರಿಕಿರಿ. ಕೊಬ್ಬು ಬೇರೆ ಅಂಗಾಂಶ, ಸ್ನಾಯು ಬೇರೆ; ಒಂದು ಇನ್ನೊಂದಾಗುವುದಿಲ್ಲ. ಸ್ನಾಯು ಬೆಳೆಯುವುದು ನಿಜ, ಆದರೆ ಊಟ ಕಡಿಮೆ ಮಾಡಿರುವವರಿಗೆ ಒಂದು ತಿಂಗಳಲ್ಲಿ ಒಂದೂವರೆ ಕೆಜಿ ಸ್ನಾಯು ಬಂತೆಂದರೆ ಅದು ಪವಾಡ. ‘ಸ್ನಾಯು ಬಂದರೆ ಕೂತಲ್ಲೇ ಕೊಬ್ಬು ಉರಿಯುತ್ತದೆ’ ಎನ್ನುವುದರಲ್ಲೂ ಉತ್ಪ್ರೇಕ್ಷೆಯಿದೆ. ವಿಶ್ರಾಂತಿಯಲ್ಲಿರುವಾಗ ಒಂದು ಕೆಜಿ ಸ್ನಾಯು ದಿನಕ್ಕೆ ಖರ್ಚು ಮಾಡುವುದು ಸುಮಾರು 13 ಕಿಲೊಕ್ಯಾಲೊರಿ, ಅಷ್ಟೇ.

ಹಾಗಿದ್ದರೆ ಭಾರ ಎತ್ತುವುದೇಕೆ? ಬರೀ ಊಟ ಕಡಿಮೆ ಮಾಡಿ ಇಳಿದ ತೂಕದಲ್ಲಿ ಕಾಲು ಭಾಗದಷ್ಟು ಕೊಬ್ಬಲ್ಲದ ಅಂಗಾಂಶವೇ ಇರುವುದು ಸಾಮಾನ್ಯ. ಅದರಲ್ಲಿ ಸ್ನಾಯುವೂ ಸೇರಿದೆ. ಭಾರ ಎತ್ತಿದರೆ, ಜೊತೆಗೆ ಸಾಕಷ್ಟು ಪ್ರೋಟೀನ್ ತಿಂದರೆ, ಆ ನಷ್ಟ ಬಹಳಷ್ಟು ತಪ್ಪುತ್ತದೆ. ನೀವೀಗ ಊಟವನ್ನು ಇನ್ನೂ ಕತ್ತರಿಸಿದರೆ ಕಳೆದುಕೊಳ್ಳುವುದು ಇದನ್ನೇ.

ಇದು ನೀರೋ ಅಲ್ಲವೋ ಎಂದು ತಿಳಿಯಲು ಒಂದು ಅಳತೆಪಟ್ಟಿ ಸಾಕು. ವಾರಕ್ಕೊಮ್ಮೆ, ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ ಮೊದಲು, ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ ತೆಗೆಯಿರಿ. ಉಸಿರನ್ನು ಸಹಜವಾಗಿ ಬಿಟ್ಟು ಅಳೆಯಬೇಕು, ಹೊಟ್ಟೆ ಎಳೆದುಕೊಂಡು ಅಲ್ಲ. ತೂಕವನ್ನು ನೋಡಲೇಬೇಕೆಂದಿದ್ದರೆ ದಿನವೂ ನೋಡಿ, ಆದರೆ ವಾರದ ಸರಾಸರಿಯನ್ನು ಮಾತ್ರ ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸಿ. ಮುಟ್ಟಿನ ದಿನಗಳು ಸಮೀಪಿಸಿದಾಗ ಹಲವು ಮಹಿಳೆಯರಲ್ಲಿ ನೀರು ಹೆಚ್ಚು ನಿಲ್ಲುವುದರಿಂದ, ಅವರು ಈ ತಿಂಗಳ ಅಂಕಿಯನ್ನು ಹೋದ ತಿಂಗಳ ಅದೇ ಹಂತದ ಅಂಕಿಯ ಪಕ್ಕದಲ್ಲಿಟ್ಟು ನೋಡುವುದು ವಾಸಿ. ಕೊಬ್ಬಿನ ಶೇಕಡಾವಾರು ಹೇಳುವ ಮನೆಬಳಕೆಯ ಯಂತ್ರಗಳನ್ನು ಈ ಹಂತದಲ್ಲಿ ನಂಬಬೇಡಿ. ಅವು ಮೈಯಲ್ಲಿ ವಿದ್ಯುತ್ ಹರಿಯುವ ರೀತಿಯಿಂದ ಲೆಕ್ಕ ಹಾಕುತ್ತವೆ, ಹೀಗಾಗಿ ನೀರು ಏರುಪೇರಾದರೆ ಲೆಕ್ಕವೂ ತಪ್ಪುತ್ತದೆ.

ಆರರಿಂದ ಎಂಟು ವಾರ ಕಳೆದರೂ ಸರಾಸರಿ ತೂಕವಾಗಲಿ ಹೊಟ್ಟೆಯ ಸುತ್ತಳತೆಯಾಗಲಿ ಕದಲದಿದ್ದರೆ ನೀರಿನ ನೆಪ ಮುಗಿಯಿತು. ಆಗ ನಾನು ಮೊದಲು ಕೇಳುವ ಪ್ರಶ್ನೆ: ಜಿಮ್‌ಗೆ ಸೇರಿದ ಮೇಲೆ ನಡಿಗೆ ಏನಾಯಿತು? ಬಹುತೇಕರು ಅದನ್ನು ಬಿಟ್ಟಿರುತ್ತಾರೆ. ಒಂದು ಗಂಟೆಯ ಭಾರದ ವ್ಯಾಯಾಮದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಸುಧಾರಿಸಿಕೊಳ್ಳುವುದಕ್ಕೇ ಹೋಗುತ್ತದೆ. ಬಿರುಸಿನ ನಡಿಗೆಗಿಂತ ಅದರಲ್ಲಿ ಕ್ಯಾಲೊರಿ ಖರ್ಚು ಬಹಳ ಹೆಚ್ಚೇನೂ ಅಲ್ಲ. ಮೈ ದಣಿದಿದೆ ಎಂದು ಉಳಿದ ದಿನವೆಲ್ಲ ಕುಳಿತರೆ ಅದೂ ಸಮವಾಗಿ ಹೋಗುತ್ತದೆ. 7 ಕೆಜಿ ಹಗುರವಾದ ದೇಹಕ್ಕೆ ಬೇಕಾಗುವ ಆಹಾರವೂ ಮೊದಲಿಗಿಂತ ಕಡಿಮೆ.

ಆಮೇಲೆ ಊಟ. ‘ಏನೂ ಬದಲಾಗಿಲ್ಲ’ ಎಂದಿದ್ದೀರಿ. ನಿಮ್ಮನ್ನು ಅನುಮಾನಿಸುತ್ತಿಲ್ಲ, ಆದರೆ ತಿಂದದ್ದನ್ನು ಅಂದಾಜು ಮಾಡುವುದರಲ್ಲಿ ನಾವೆಲ್ಲರೂ ದಡ್ಡರೇ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯದು ಎನ್ನುತ್ತಿದ್ದವರನ್ನು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಅವರು ತಾವು ತಿಂದದ್ದನ್ನು ಸರಾಸರಿ 47% ಕಡಿಮೆಯಾಗಿಯೂ, ದೈಹಿಕ ಚಟುವಟಿಕೆಯನ್ನು 51% ಹೆಚ್ಚಾಗಿಯೂ ಹೇಳಿದ್ದರು. ಸುಳ್ಳು ಹೇಳಬೇಕೆಂದೇನೂ ಅಲ್ಲ, ಹಾಗೆಂದೇ ನಂಬಿದ್ದರು. ಎರಡು ವಾರ ಎಲ್ಲವನ್ನೂ ತೂಗಿ ಬರೆದಿಟ್ಟರೆ ಸಂದೇಹ ಬಗೆಹರಿಯುತ್ತದೆ. ವ್ಯಾಯಾಮ ಮುಗಿದ ಮೇಲೆ ‘ಇಷ್ಟು ದುಡಿದಿದ್ದೇನಲ್ಲ’ ಎಂದು ಬಾಯಿಗೆ ಹೋಗುವ ಹಿಡಿಯಷ್ಟನ್ನೂ ಬರೆಯಬೇಕು.

ಕಾಯುವ ಸಲಹೆ ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ. ಪಾದ ಅಥವಾ ಮೊಣಕಾಲ ಕೆಳಗೆ ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೆಯೇ ಉಳಿಯುತ್ತಿದ್ದರೆ, ಏದುಸಿರು ಬರುತ್ತಿದ್ದರೆ, ಕೆಲವೇ ದಿನಗಳಲ್ಲಿ ಎರಡು ಮೂರು ಕೆಜಿ ಏರಿದರೆ ವೈದ್ಯರಲ್ಲಿಗೆ ಹೋಗಿ. ಭಾರೀ ವ್ಯಾಯಾಮದ ಮರುದಿನ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿ, ಸ್ನಾಯು ವಿಪರೀತ ನೋಯುತ್ತಿದ್ದರೆ ಅದೇ ದಿನ ಹೋಗಬೇಕು. ಸ್ನಾಯು ಒಡೆದು ಅದರ ಅಂಶಗಳು ರಕ್ತಕ್ಕೆ ಸೇರಿರುವ ಸೂಚನೆ ಅದು. ತಡಮಾಡಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.