ಹಳೆಯದೆಲ್ಲಾ ಕ್ಲಾಸಿಕ್ಕಾ?

ಪ್ರಶ್ನೆ: ಹಳೇ ಸಿನಿಮಾಗೂ ಕ್ಲಾಸಿಕ್ ಅಂತಾರೆ, ನಿನ್ನೆ ಬಂದ ಕೈಗಡಿಯಾರಕ್ಕೂ ಕ್ಲಾಸಿಕ್ ಅಂತಾರೆ. ಈ ಪದಕ್ಕೆ ಸರಿಯಾದ ಅರ್ಥ ಏನು? ಕ್ಲಾಸಿಕಲ್ ಅಂದರೂ ಅದೇನಾ?

ಉತ್ತರ: ಕಾಲ ಕಳೆದರೂ ಬೆಲೆ ಕಳೆದುಕೊಳ್ಳದೆ, ಜನ ಮತ್ತೆ ಮತ್ತೆ ಹುಡುಕಿಕೊಂಡು ಬರುವಂಥದ್ದು ಕ್ಲಾಸಿಕ್. ವಯಸ್ಸೊಂದೇ ಸಾಲದು. ಐವತ್ತು ವರ್ಷ ಹಿಂದಿನ ಸಿನಿಮಾ ಇವತ್ತು ಯಾರಿಗೂ ಬೇಡವಾಗಿದ್ದರೆ ಅದು ಬರೀ ಹಳೇ ಸಿನಿಮಾ. ಅದು ಬಂದಾಗ ಹುಟ್ಟೇ ಇರದವರೂ ಕೂತು ನೋಡುತ್ತಿದ್ದರೆ ಮಾತು ಬೇರೆ.

ಪದದ ಹುಟ್ಟು ಮಾತ್ರ ದುಡ್ಡಿನ ಲೆಕ್ಕದಲ್ಲಿದೆ. ಪ್ರಾಚೀನ ರೋಮ್‌ನಲ್ಲಿ ಆಸ್ತಿ ನೋಡಿ ಪ್ರಜೆಗಳನ್ನು ವರ್ಗಗಳಾಗಿ ವಿಂಗಡಿಸುತ್ತಿದ್ದರು. ಮೇಲಿನ ವರ್ಗದವನಿಗೆ ಲ್ಯಾಟಿನ್‌ನಲ್ಲಿ ‘ಕ್ಲಾಸಿಕುಸ್’ ಎನ್ನುತ್ತಿದ್ದರು. 2ನೇ ಶತಮಾನದ ರೋಮನ್ ಬರಹಗಾರ ಆಲಸ್ ಗೆಲಿಯಸ್‌ನ ಬರಹದಲ್ಲಿ ಇದೇ ಪದ ಭಾಷೆಯಲ್ಲಿ ನಂಬಬಹುದಾದ, ಮೇಲ್ಮಟ್ಟದ ಲೇಖಕನಿಗೆ ಬಳಕೆಯಾಗಿದೆ. ಆಸ್ತಿಯ ಅಳತೆ ಗುಣದ ಅಳತೆಯಾಗಿದ್ದು ಹೀಗೆ. ನನಗೆ ಈ ಪದದ ಕಥೆಯಲ್ಲಿ ತುಂಬಾ ಇಷ್ಟವಾದ ತಿರುವು ಇದು.

ಎಷ್ಟು ವರ್ಷ ಬಾಳಿದರೆ ಕ್ಲಾಸಿಕ್? ಸಾಹಿತ್ಯದ ಬೆಲೆ ಕಟ್ಟಲು ನೂರು ವರ್ಷ ಕಾಯುವುದು ರೂಢಿ ಎಂದು ಇಂಗ್ಲಿಷ್ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ 1765ರಲ್ಲಿ ಬರೆದಿದ್ದರು. ಈಗ ಅಷ್ಟು ಕಾಯುವವರಿಲ್ಲ. ಬಿಡುಗಡೆಯಾದ ವಾರವೇ ‘ಇನ್‌ಸ್ಟಂಟ್ ಕ್ಲಾಸಿಕ್’ ಅನ್ನುತ್ತಾರೆ. ಅದು ಮುಂದೆ ಉಳಿಯುತ್ತದೆ ಅನ್ನುವ ಊಹೆ ಅಷ್ಟೇ. ನನ್ನ ಪ್ರಕಾರ ಕನಿಷ್ಠ ಒಂದು ತಲೆಮಾರು ದಾಟಲಿ.

ಇನ್ನು ಆ ಹೊಸ ಕೈಗಡಿಯಾರ. ಅಲ್ಲಿ ಕ್ಲಾಸಿಕ್ ಅಂದರೆ ಫ್ಯಾಷನ್ ಬದಲಾದರೂ ಹಳತು ಅನ್ನಿಸದ ಸರಳ ವಿನ್ಯಾಸ. ಡಬ್ಬಿ, ಬಾಟಲಿಗಳ ಮೇಲಾದರೆ ‘ಮೊದಲಿದ್ದ ಹಾಗೇ ಇದೆ’ ಎಂಬ ಭರವಸೆ. 1985ರ ಏಪ್ರಿಲ್‌ನಲ್ಲಿ ಕೋಕ-ಕೋಲಾ ಕಂಪನಿ ತನ್ನ ಪಾನೀಯದ ರುಚಿ ಬದಲಿಸಿತು. ಅಮೆರಿಕದ ಗ್ರಾಹಕರು ಸಿಟ್ಟಿಗೆದ್ದರು. ಜುಲೈನಲ್ಲೇ ಹಳೇ ರುಚಿ ‘ಕೋಕ-ಕೋಲಾ ಕ್ಲಾಸಿಕ್’ ಎಂಬ ಹೆಸರಲ್ಲಿ ವಾಪಸ್ ಬಂತು. ಆ ಒಂದು ಪದ ನೋಡಿದರೆ ಸಾಕಿತ್ತು, ಒಳಗೆ ಏನಿದೆ ಅಂತ ಗೊತ್ತಾಗುತ್ತಿತ್ತು.

ಹೊಗಳಿಕೆಯೇ ಇಲ್ಲದ ಬಳಕೆಯೂ ಇದೆ. ‘ಕ್ಲಾಸಿಕ್ ಮಿಸ್ಟೇಕ್’ ಅಂದರೆ ಎಲ್ಲರೂ ಮಾಡುವ, ನೋಡಿದ ಕೂಡಲೇ ಗುರುತು ಸಿಗುವ ತಪ್ಪು. ವೈದ್ಯರು ‘ಕ್ಲಾಸಿಕ್ ಲಕ್ಷಣ’ ಅನ್ನುವುದೂ ಹೀಗೇ. ಆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣ ಅಂತ.

ಕ್ಲಾಸಿಕಲ್ ಬೇರೆ. ಅದು ಒಂದು ಪರಂಪರೆಯನ್ನೋ ಕಾಲವನ್ನೋ ಹೇಳುತ್ತದೆ, ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದಿಲ್ಲ. ಯುರೋಪಿನ ಸಂಗೀತದಲ್ಲಿ ಸುಮಾರು 1750ರಿಂದ 1820ರವರೆಗಿನ ಹೈಡನ್, ಮೊಜಾರ್ಟ್‌ರ ಕಾಲಕ್ಕೆ ಕ್ಲಾಸಿಕಲ್ ಯುಗ ಎನ್ನುತ್ತಾರೆ. ಕ್ವಾಂಟಮ್ ಸಿದ್ಧಾಂತಕ್ಕೆ ಮುಂಚಿನ, ನ್ಯೂಟನ್ ಮತ್ತು ಮ್ಯಾಕ್ಸ್‌ವೆಲ್‌ರ ಭೌತಶಾಸ್ತ್ರ ಕ್ಲಾಸಿಕಲ್ ಫಿಸಿಕ್ಸ್. ಹಾಗಾಗಿ ‘ಕ್ಲಾಸಿಕಲ್ ಕಾರು’ ಅನ್ನಬೇಡಿ, ಅದು ಕ್ಲಾಸಿಕ್ ಕಾರು. ಯಾರಾದರೂ ವಿಶ್ವವಿದ್ಯಾಲಯದಲ್ಲಿ ‘ಕ್ಲಾಸಿಕ್ಸ್’ ಓದುತ್ತಿದ್ದೇನೆ ಅಂದರೆ, ಸಾಮಾನ್ಯವಾಗಿ ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಓದುತ್ತಿದ್ದಾರೆ ಅಂತ ತಿಳಿಯಿರಿ.