ಆರು ಗಂಟೆಗಳ ಮಾತು, ಒಂದು ಬಾಟಲಿ ಬಿಯರ್

1935ರ ಮೇ ತಿಂಗಳಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನ ಹೋಟೆಲೊಂದರ ಪಡಸಾಲೆಯಲ್ಲಿ, ನ್ಯೂಯಾರ್ಕಿನಿಂದ ವ್ಯವಹಾರಕ್ಕೆಂದು ಬಂದು ಕೈಸುಟ್ಟುಕೊಂಡಿದ್ದ ಬಿಲ್ ವಿಲ್ಸನ್ ಅತ್ತಿಂದಿತ್ತ ಅಡ್ಡಾಡುತ್ತಿದ್ದರು. ಒಂದು ತುದಿಯಲ್ಲಿ ಬಾರು, ಇನ್ನೊಂದು ತುದಿಯಲ್ಲಿ ಊರಿನ ಚರ್ಚುಗಳ ಪಟ್ಟಿ ಮತ್ತು ಟೆಲಿಫೋನು. ಅವರು ಕುಡಿತ ಬಿಟ್ಟು ಆಗ ಐದೇ ತಿಂಗಳಾಗಿತ್ತು. ಕೊನೆಗೆ ಫೋನಿನ ಕಡೆ ನಡೆದು, ತಾನು ಕೂತು ಮಾತಾಡಲು ಈ ಊರಿನಲ್ಲಿ ಯಾರಾದರೂ ಕುಡುಕರು ಸಿಕ್ಕಾರೇ ಎಂದು ಪಾದ್ರಿಯೊಬ್ಬರನ್ನು ವಿಚಾರಿಸಿದರು.

ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೂರುವುದಿಲ್ಲವೆಂದು ಹೆಂಡತಿಯಿಂದ ಮಾತು ಪಡೆದೇ ಅವರು ಮೇ 12ರ ಸಂಜೆ ಬಂದಿದ್ದರು. ಎದ್ದದ್ದು ಆರು ಗಂಟೆಗಳ ನಂತರ. ಕುಡಿತದ ಕೇಡನ್ನು ಕುರಿತು ವೈದ್ಯರಾದ ಅವರಿಗೆ ಹೊಸದಾಗಿ ಹೇಳುವಂಥದ್ದೇನೂ ಇರಲಿಲ್ಲ. ಆದರೆ ತನ್ನಂತೆಯೇ ಬಾಟಲಿ ಬಚ್ಚಿಟ್ಟವನೊಬ್ಬ, ಉಪದೇಶದ ಗೊಡವೆಗೆ ಹೋಗದೆ, ತನ್ನ ಕಥೆಯನ್ನೇ ಹೇಳಿಕೊಂಡದ್ದು ಅದೇ ಮೊದಲು.

ಹಾಗೆಂದು ಅವರು ಆ ರಾತ್ರಿಯೇ ಬಿಡಲಿಲ್ಲ. ವೈದ್ಯರ ಸಮ್ಮೇಳನವೊಂದಕ್ಕೆ ಹೋಗಿ ಮತ್ತೆ ವಿಪರೀತ ಕುಡಿದು ಬಂದರು. ಶಸ್ತ್ರಚಿಕಿತ್ಸೆಯೊಂದು ನಿಗದಿಯಾಗಿದ್ದ ಬೆಳಗ್ಗೆ ಅವರ ಕೈನಡುಕ ನಿಲ್ಲಲೆಂದು ವಿಲ್ಸನ್ನರೇ ಒಂದು ಬಾಟಲಿ ಬಿಯರ್ ಕೊಟ್ಟರು. ಅದೇ ಅವರ ಕೊನೆಯ ಕುಡಿತ. ಆ ದಿನವನ್ನು, 1935ರ ಜೂನ್ 10ನ್ನು, ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಬಯಲು ಮಾಡದೆ ಒಬ್ಬರಿಗೊಬ್ಬರು ನೆರವಾಗಿ ಕುಡಿತ ಬಿಡುವವರ ಕೂಟ, ತನ್ನ ಹುಟ್ಟಿದ ದಿನವೆಂದು ಆಚರಿಸುತ್ತದೆ.

ಆ ಬಿಯರಿನ ಹಿಂದೆ ಒಂದು ಶರೀರಶಾಸ್ತ್ರವಿದೆ. ಮಿದುಳನ್ನು ತಣ್ಣಗಿರಿಸುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಮದ್ಯವು ಒತ್ತುಕೊಟ್ಟು, ಉದ್ರೇಕಿಸುವ ಗ್ಲುಟಮೇಟಿನ ಕೆಲಸವನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಮಿದುಳು ಸರಿದೂಗಿಸಿಕೊಳ್ಳಲು ಉದ್ರೇಕದ ಕಡೆಯ ತೂಕವನ್ನು ಹೆಚ್ಚಿಸಿಕೊಳ್ಳುತ್ತದೆ. ಮದ್ಯ ಒಮ್ಮೆಲೇ ನಿಂತಾಗ ತಕ್ಕಡಿ ವಾಲಿ, ಕೈನಡುಕ, ಬೆವರು, ನಿದ್ದೆಗೇಡು, ಕೆಲವರಲ್ಲಿ ಫಿಟ್ಸ್, ಎರಡು ಮೂರು ದಿನಗಳ ನಂತರ ಪ್ರಾಣಕ್ಕೇ ಎರವಾಗಬಲ್ಲ ಸನ್ನಿ ಕಾಣಿಸಿಕೊಳ್ಳಬಹುದು. ದಿನವೂ ವಿಪರೀತ ಕುಡಿಯುವವರು ದೇವರ ಮುಂದೆ ಆಣೆಯಿಟ್ಟು ಅಂದೇ ಬಿಡಲಿ ಎಂದು ಹಟ ಹಿಡಿಯುವ ಮನೆಯವರು ಇದನ್ನು ತಿಳಿದಿರಬೇಕು: ಬಿಡಿಸುವ ಮೊದಲ ವಾರ ವೈದ್ಯರ ಕಣ್ಗಾವಲಿನಲ್ಲೇ ಕಳೆಯಬೇಕು. ಆ ಕೆಲಸಕ್ಕೆ ಈಗ ಡಯಾಜೆಪಾಮ್‌ನಂಥ ಔಷಧಗಳೂ ಬಿ1 ಜೀವಸತ್ವವೂ ಇವೆ.

ನಡುಕವೇನೋ ವಾರದಲ್ಲಿ ಇಳಿಯುತ್ತದೆ, ಕಷ್ಟವಿರುವುದು ಆಮೇಲೆ. ಸಂಬಳದ ದಿನ, ಬಾರಿನ ಪಕ್ಕದ ಕಬಾಬಿನ ವಾಸನೆ, ಗೇಟಿನ ಮುಂದೆ ಹಳೆಯ ಗೆಳೆಯನ ಬೈಕಿನ ಹಾರನ್ನು, ಇವೆಲ್ಲ ಕುಡಿತದ ಜೊತೆ ಹೆಣೆದುಕೊಂಡ ನೆನಪುಗಳು. ಅವು ತಿಂಗಳುಗಳ ನಂತರವೂ ಆಸೆಯನ್ನು ಕೆರಳಿಸುತ್ತವೆ, ಅದೂ ಹೆಚ್ಚಾಗಿ ಆಸ್ಪತ್ರೆ ಮುಚ್ಚಿರುವ ಹೊತ್ತಿನಲ್ಲಿ. ಆಗ ಫೋನೆತ್ತುವವರು ಬೇಕು. ಈ ಕೂಟದ ಸಭೆಗೆ ಬರುವ ಹೊಸಬರಿಗೆ ಹಳಬರೊಬ್ಬರು ಜೊತೆಗಾರರಾಗುವ ಏರ್ಪಾಡು ಹುಟ್ಟಿದ್ದು ಈ ಅಗತ್ಯದಿಂದಲೇ.

ಕುಡಿತದಿಂದ ಹೊರಬರಲು ಕೂಟ ಹಾಕಿಕೊಟ್ಟ, 1939ರಲ್ಲಿ ಅಚ್ಚಾದ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುವುದರಿಂದ ಅನೇಕರು ಅವನ್ನು ಧರ್ಮಬೋಧೆಯೆಂದು ಬದಿಗಿಡುತ್ತಾರೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಇಂಗ್ಲಿಷ್ ಮೂಲವನ್ನು ಗಮನವಿಟ್ಟು ಓದಿದರೆ, ‘ನಾವು’ ಎಂದು ಶುರುವಾಗುವ ಆ ಹನ್ನೆರಡರಲ್ಲಿ ‘ನಾನು’ ಎಂಬ ಪದ ಒಮ್ಮೆಯೂ ಬರುವುದಿಲ್ಲ. ದೇವರನ್ನು ಅವರವರು ತಿಳಿದಂತೆ ತಿಳಿಯಲು ಅಲ್ಲೇ ಜಾಗ ಬಿಡಲಾಗಿದೆ. ಸೋಲನ್ನು ಒಪ್ಪುವುದು, ನೋಯಿಸಿದವರ ಪಟ್ಟಿ ಮಾಡಿ ಸಾಧ್ಯವಾದಲ್ಲಿ ಸರಿಪಡಿಸುವುದು, ಕೊನೆಗೆ ಇನ್ನೊಬ್ಬ ವ್ಯಸನಿಗೆ ನೆರವಾಗುವುದು ಅವುಗಳ ತಿರುಳು.

ಹೆಸರನ್ನೇ ಬರೆದಿಟ್ಟುಕೊಳ್ಳದ ಕೂಟವೊಂದರ ಫಲವನ್ನು ಅಳೆಯುವುದು ಹೇಗೆ? ಬಿಡುವ ಛಲವಿದ್ದವರೇ ಅಲ್ಲಿಗೆ ಹೋಗುತ್ತಾರೆ, ಆದ್ದರಿಂದಲೇ ಗೆಲ್ಲುತ್ತಾರೆ ಎಂಬ ಆಕ್ಷೇಪ ಬಹುಕಾಲ ಉಳಿದಿತ್ತು. ರೋಗಿಗಳನ್ನು ಚೀಟಿ ಎತ್ತಿದಂತೆ ವಿವಿಧ ಚಿಕಿತ್ಸೆಗಳಿಗೆ ಹಂಚಿ ನೋಡಿದ ಪ್ರಯೋಗಗಳು ಆಮೇಲೆ ಬಂದವು. ಅಂಥವು ಸೇರಿದಂತೆ 27 ಅಧ್ಯಯನಗಳನ್ನು, ಅಂದರೆ 10,565 ಜನರನ್ನು ಒಳಗೊಂಡ ಕಾಕ್ರನ್ ವಿಮರ್ಶೆ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರನ್ ಸಂಸ್ಥೆಯ ವರದಿ) 2020ರಲ್ಲಿ ಪ್ರಕಟವಾಯಿತು. ಈ ಕೂಟಗಳಿಗೆ ವ್ಯವಸ್ಥಿತವಾಗಿ ಜೋಡಿಸಲಾದವರಲ್ಲಿ ವರ್ಷದ ಬಳಿಕ ಪೂರ್ತಿ ಬಿಟ್ಟವರು ಶೇಕಡಾ 42ರಷ್ಟಿದ್ದರೆ, ಇತರ ಚಿಕಿತ್ಸೆಗಳಲ್ಲಿ ಶೇಕಡಾ 35. ದೊಡ್ಡ ಅಂತರವೇನಲ್ಲ, ಅರ್ಧಕ್ಕಿಂತ ಹೆಚ್ಚು ಜನ ವರ್ಷವಿಡೀ ಬಿಟ್ಟಿರಲು ಆಗಲಿಲ್ಲವೆಂಬುದೂ ಅಷ್ಟೇ ನಿಜ. ಆದರೂ ಬಿಟ್ಟಿ ಸಿಗುವ ಕುರ್ಚಿ, ಚಹಾ, ಮಾತುಗಳ ಕೂಟ ಪರಿಣತರ ಚಿಕಿತ್ಸೆಗೆ ಸಮನಾಗಿ ನಿಂತದ್ದು ಕಡಿಮೆಯಲ್ಲ. ಕಾರಣ ಹುಡುಕಿದವರಿಗೆ ಹೆಚ್ಚಾಗಿ ಕಂಡದ್ದು ಒಡನಾಟದ ಬದಲಾವಣೆ: ಕುಡಿಯುವ ಗೆಳೆಯರು ಕಡಿಮೆಯಾಗಿ, ಬಿಟ್ಟವರು ಸುತ್ತ ಸೇರಿದ್ದರು.

ಕರ್ನಾಟಕದಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳ ಹಾದಿ ಬೇರೆಯದೇ. ಅಲ್ಲಿ ಹೆಸರು ಮರೆಮಾಚುವುದಿಲ್ಲ, ಊರೇ ಮುಂದೆ ನಿಂತು ಬಿಡಿಸುತ್ತದೆ. ಆದರೆ ಶಿಬಿರ ಮುಗಿದ ಮೇಲೆ ಬಿಟ್ಟವರು ಒಟ್ಟುಗೂಡಲು ನವಜೀವನ ಸಮಿತಿಗಳನ್ನು ಅವರೂ ಕಟ್ಟಬೇಕಾಯಿತು.

ಬಿಟ್ಟ ಮೇಲೂ ಎರಡೂವರೆ ವರ್ಷ ಕುಡಿತದ ಆಸೆ ತನ್ನನ್ನು ಬಿಟ್ಟಿರಲಿಲ್ಲವೆಂದು ಡಾ. ಬಾಬ್ ಬರೆದುಕೊಂಡಿದ್ದಾರೆ. 1950ರಲ್ಲಿ ತೀರಿಕೊಳ್ಳುವವರೆಗೆ ಅವರು ಸಾವಿರಾರು ವ್ಯಸನಿಗಳಿಗೆ ಶುಲ್ಕವಿಲ್ಲದೆ ಚಿಕಿತ್ಸೆ ನೀಡಿದರು. ತಾನು ಕಲಿತದ್ದನ್ನು ಇತರರಿಗೆ ಏಕೆ ದಾಟಿಸುತ್ತೇನೆಂಬುದಕ್ಕೆ ಅವರು ಕೊಟ್ಟ ಕಾರಣಗಳು ನಾಲ್ಕು: ಅದು ಕರ್ತವ್ಯ, ಅದರಲ್ಲಿ ಸಂತೋಷವಿದೆ, ತನಗಾಗಿ ಸಮಯ ಕೊಟ್ಟವರ ಋಣ ತೀರಿಸಬೇಕಿದೆ, ಮತ್ತು ಹಾಗೆ ಮಾಡಿದಾಗಲೆಲ್ಲ ತಾನು ಮತ್ತೆ ಜಾರದಂತೆ ಇನ್ನಷ್ಟು ವಿಮೆ ಮಾಡಿಸಿಕೊಂಡಂತಾಗುತ್ತದೆ.