ನಡೆಯುವ ಕಾಲನ್ನು ಅಳೆಯುವುದು: ಕಪ್ಪೆಯಿಂದ ಕಾಫಿ ತೋಟದ ಇಳಿಜಾರಿನವರೆಗೆ

ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು. ಬಂಡೆಯಲ್ಲೇ ಕಡೆದವು. ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕು. ಅರ್ಧ ದಾರಿಗೆ ಬರುವಷ್ಟರಲ್ಲಿ ಮೀನಖಂಡ ಬಿಗಿಯತೊಡಗುತ್ತದೆ. ಇಳಿಯುವಾಗ ಹಗುರ ಅನ್ನಿಸುತ್ತದೆ, ಆದರೆ ಮಾರನೇ ದಿನದ ನೋವಿಗೆ ದೊಡ್ಡ ಕಾರಣ ಆ ಇಳಿತವೇ. ಯಾತ್ರಿಕರಿಗೆ ಇದು ಒಂದು ದಿನದ ಕಷ್ಟ. ಡೋಲಿ ಹೊರುವವರಿಗೆ, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಹಣ್ಣು ಕುಯ್ದು ಮೂಟೆ ಹೊತ್ತು ಇಳಿಯುವವರಿಗೆ ಇದು ದಿನದ ಕೆಲಸ.

ಆ ಹೊತ್ತಿನಲ್ಲಿ ಸ್ನಾಯು ಏನು ಮಾಡುತ್ತಿದೆ ಎಂದು ತಿಳಿಯಲು ಒಂದು ದಾರಿ ಇದೆ. ಸ್ನಾಯು ಬಿಗಿಯುವಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಅಳೆಯುವುದು. ಇದಕ್ಕೆ ಎಲೆಕ್ಟ್ರೋಮಯೋಗ್ರಫಿ, ಚಿಕ್ಕದಾಗಿ ಇಎಂಜಿ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಜನ ‘ನರದ ಟೆಸ್ಟ್’ ಅನ್ನುತ್ತಾರಲ್ಲ, ಅದರ ಒಂದು ಭಾಗ ಇದು. ಅಲ್ಲಿ ರೋಗಿ ಮಂಚದ ಮೇಲೆ ಮಲಗಿರುತ್ತಾರೆ. ನಡೆಯುತ್ತಿರುವ ಕಾಲನ್ನು ಅಳೆಯುವುದು ಬೇರೆಯೇ ವಿದ್ಯೆ. ಅಲ್ಲಿಗೆ ತಲುಪಲು ಸುಮಾರು ಒಂದೂವರೆ ಶತಮಾನ ಹಿಡಿಯಿತು.

ಶುರುವಾದದ್ದು ಕಪ್ಪೆಯ ಕಾಲಿನಿಂದ. ಇಟಲಿಯ ಬೊಲೋನ್ಯದಲ್ಲಿ ಲೂಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಅದುರುವುದನ್ನು ವರ್ಷಗಟ್ಟಲೆ ಪರೀಕ್ಷಿಸಿ 1791ರಲ್ಲಿ ಪ್ರಕಟಿಸಿದರು. ಪ್ರಾಣಿಯ ದೇಹದಲ್ಲೇ ವಿದ್ಯುತ್ತು ಇದೆ ಎಂಬುದು ಅವರ ವಾದ. ಅಲೆಸ್ಸಾಂಡ್ರೊ ವೋಲ್ಟಾ ಒಪ್ಪಲಿಲ್ಲ. ಎರಡು ಬೇರೆ ಬೇರೆ ಲೋಹ ಮುಟ್ಟಿಸಿದ್ದರಿಂದ ಹುಟ್ಟಿದ ವಿದ್ಯುತ್ತು ಅದು ಅಂದರು. ಈ ವಾದದ ನಡುವೆಯೇ ವೋಲ್ಟಾ 1800ರಲ್ಲಿ ಬ್ಯಾಟರಿಯನ್ನು ಜಗತ್ತಿಗೆ ತೋರಿಸಿದರು. ಕೊನೆಗೆ ನೋಡಿದರೆ ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ಮುಂದೆ 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ನರದಲ್ಲಿ ಸುದ್ದಿ ಓಡುವ ವೇಗ ಅಳೆದದ್ದೂ ಕಪ್ಪೆಯ ಮೀನಖಂಡ ಇಟ್ಟುಕೊಂಡೇ. ಸೆಕೆಂಡಿಗೆ ಸುಮಾರು 27 ಮೀಟರ್ ಬಂತು.

ಮನುಷ್ಯರ ಸರದಿ ಬಂದದ್ದು 1849ರಲ್ಲಿ. ಬರ್ಲಿನ್‌ನ ಎಮಿಲ್ ಡು ಬ್ವಾ ರೇಮೊಂ, ಮನುಷ್ಯ ತಾನಾಗಿ ತೋಳು ಬಿಗಿ ಮಾಡಿದಾಗ ವಿದ್ಯುತ್ತು ಹುಟ್ಟುತ್ತದೆ ಎಂದು ತೋರಿಸಿದರು. ಅಡ್ಡ ಬಂದದ್ದು ಚರ್ಮ. ಅದು ವಿದ್ಯುತ್ತನ್ನು ತಡೆಯುತ್ತದೆ. ಅದಕ್ಕೆ ಅವರು ಗುಳ್ಳೆ ಎಬ್ಬಿಸಿ, ಮೇಲ್ಚರ್ಮ ತೆಗೆದು ಅಳೆದರು. ಈಗ ಅಷ್ಟು ಹಿಂಸೆ ಇಲ್ಲ, ಕೂದಲು ತೆಗೆದು ಸ್ಪಿರಿಟ್‌ನಿಂದ ಉಜ್ಜಿದರೆ ಸಾಕು. ಆದರೂ ಚರ್ಮ, ಅದರಡಿಯ ಕೊಬ್ಬು ಇವತ್ತಿಗೂ ಇದೇ ತೊಂದರೆ ಕೊಡುತ್ತವೆ.

ಇಪ್ಪತ್ತನೇ ಶತಮಾನದಲ್ಲಿ ಮೀನಖಂಡವೇ ಮುಖ್ಯ ಪಾತ್ರಕ್ಕೆ ಬಂತು. 1910ರಲ್ಲಿ ಜರ್ಮನಿಯ ಪೌಲ್ ಹಾಫ್‌ಮನ್ ಮಂಡಿಯ ಹಿಂದಿನ ನರಕ್ಕೆ ಸಣ್ಣ ವಿದ್ಯುತ್ತು ಕೊಟ್ಟರು. ಆ ಸುದ್ದಿ ಬೆನ್ನುಹುರಿಯವರೆಗೆ ಹೋಗಿ ಮರಳಿ ಮೀನಖಂಡವನ್ನು ಅಲುಗಿಸಿತು. ಇಡೀ ಪ್ರಯಾಣಕ್ಕೆ ಸುಮಾರು 30 ಮಿಲಿಸೆಕೆಂಡ್. ಅವರ ಹೆಸರಿನ ಮೊದಲಕ್ಷರದಿಂದ ‘ಎಚ್ ರಿಫ್ಲೆಕ್ಸ್’ ಎನಿಸಿಕೊಂಡ ಈ ಪರೀಕ್ಷೆಯನ್ನು ವೈದ್ಯರು ಈಗಲೂ ಮಾಡುತ್ತಾರೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಲಂಡನ್ನಿನ ಕೆಲಸ. 1952ರಲ್ಲಿ ಓಲೋಫ್ ಲಿಪ್ಪೋಲ್ಡ್, ಮೀನಖಂಡ ಎಷ್ಟು ಬಲ ಹಾಕುತ್ತದೋ ಅದರ ವಿದ್ಯುತ್ತೂ ಅದೇ ಲೆಕ್ಕದಲ್ಲಿ ಏರುತ್ತದೆ ಎಂದು ತೋರಿಸಿದರು. ಎರಡು ವರ್ಷದ ನಂತರ ಬ್ರೆಂಡಾ ಬಿಗ್‌ಲ್ಯಾಂಡ್ ಜೊತೆ ಸೇರಿ ಇನ್ನೊಂದು ವಿಷಯ ಕಂಡುಕೊಂಡರು. ಸ್ನಾಯು ಮೊಟಕಾಗುತ್ತಾ ಬಲ ಹಾಕುವಾಗ ವಿದ್ಯುತ್ತು ಜಾಸ್ತಿ. ಅದೇ ಬಲವನ್ನು ಉದ್ದವಾಗುತ್ತಾ ತಡೆದುಕೊಳ್ಳುವಾಗ ಕಡಿಮೆ. ಅಂದರೆ ಅಷ್ಟೇ ಹೊರೆಯನ್ನು ಸ್ನಾಯುವಿನ ಕಡಿಮೆ ನಾರುಗಳು ಹೊರುತ್ತವೆ. ಮೆಟ್ಟಿಲು ಇಳಿಯುವಾಗ ಪಾದದ ಮುಂಭಾಗ ಮೊದಲು ಊರಿ, ಮೈಭಾರವನ್ನು ಮೆಲ್ಲಗೆ ಕೆಳಗಿಳಿಸುವ ಮೀನಖಂಡ ಮಾಡುವುದು ಇದೇ ಎರಡನೇ ಕೆಲಸ. ಉಸಿರಿಗೆ ಹಗುರ, ನಾರುಗಳಿಗೆ ಭಾರ. ಇಳಿದ ಮಾರನೇ ದಿನ ಕಾಲು ಯಾಕೆ ಹಿಡಿದುಕೊಳ್ಳುತ್ತದೆ ಎಂಬುದು ಇದರಿಂದ ಬಹಳಷ್ಟು ಅರ್ಥವಾಗುತ್ತದೆ.

ಇಷ್ಟಾದರೂ ಇವೆಲ್ಲ ಕೂತಲ್ಲಿ, ಮಲಗಿದಲ್ಲಿ ಮಾಡಿದ ಅಳತೆಗಳು. ನಡಿಗೆಯನ್ನು ಅಳೆಯುವ ಒತ್ತಡ ತಂದದ್ದು ಎರಡನೇ ಮಹಾಯುದ್ಧ. ಕಾಲು ಕಳೆದುಕೊಂಡ ಸೈನಿಕರಿಗೆ ಒಳ್ಳೆಯ ಕೃತಕ ಕಾಲು ಬೇಕಿತ್ತು. ಅದನ್ನು ಮಾಡಬೇಕಾದರೆ ನಿಜವಾದ ಕಾಲು ಹೇಗೆ ನಡೆಯುತ್ತದೆ ಎಂದು ಮೊದಲು ಗೊತ್ತಾಗಬೇಕಲ್ವಾ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯ ವರ್ನ್ ಇನ್ಮನ್, ಎಂಜಿನಿಯರ್ ಹೊವರ್ಡ್ ಎಬರ್‌ಹಾರ್ಟ್ ಈ ಕೆಲಸ ಹಿಡಿದರು. ಎಬರ್‌ಹಾರ್ಟ್ ಸ್ವತಃ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡವರು. ಆಮೇಲೆ ಅದೇ ರಾಜ್ಯದ ರ‍್ಯಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯಲ್ಲಿ ಡಾ. ಜಾಕ್ವೆಲಿನ್ ಪೆರ‍್ರಿ, ಕೂದಲಿನಷ್ಟು ತೆಳು ತಂತಿಯನ್ನು ಸ್ನಾಯುವಿನೊಳಗೆ ಇಳಿಸಿ ರೋಗಿಗಳನ್ನು ನಡೆಸಿ ನೋಡಿದರು. ಯಾವ ಸ್ನಾಯು ಯಾವಾಗ ಕೆಲಸ ಮಾಡುತ್ತದೆ ಎಂದು ತಿಳಿದ ಮೇಲೆಯೇ ಶಸ್ತ್ರಚಿಕಿತ್ಸೆಯ ತೀರ್ಮಾನ.

ಈ ಅಳತೆಗಳು ಒಂದು ಹಳೆಯ ನಂಬಿಕೆಯನ್ನು ಅಲುಗಿಸಿದವು. ಮೀನಖಂಡ ಅಂದರೆ ನೆಲವನ್ನು ಒದ್ದು ಮುಂದೆ ತಳ್ಳುವ ಸ್ನಾಯು ಅಂದುಕೊಂಡಿದ್ದರು. ಒಂದು ಹಿಮ್ಮಡಿ ನೆಲ ಮುಟ್ಟಿದಾಗಿನಿಂದ ಅದೇ ಹಿಮ್ಮಡಿ ಮತ್ತೆ ಮುಟ್ಟುವವರೆಗೆ 100 ಭಾಗ ಮಾಡಿ. ಮೀನಖಂಡ ಸುಮಾರು 10ನೇ ಭಾಗದಲ್ಲಿ ಎಚ್ಚರವಾಗುತ್ತದೆ, 40ರಿಂದ 50ರ ನಡುವೆ ತುತ್ತತುದಿಗೆ ಹೋಗುತ್ತದೆ. ಬೆರಳು ನೆಲ ಬಿಡುವುದು 60ರ ಹತ್ತಿರ. ಅಷ್ಟರಲ್ಲಿ ಮೀನಖಂಡದ ವಿದ್ಯುತ್ತು ಅಡಗಿರುತ್ತದೆ! ಹೆಚ್ಚು ಹೊತ್ತು ಅದು ಮಾಡುವುದು ಘಾಟಿ ಇಳಿಯುವ ಲಾರಿಯ ಬ್ರೇಕಿನ ಕೆಲಸ, ಮುಂದಕ್ಕೆ ವಾಲುವ ಕಾಲನ್ನು ಹಿಡಿದು ನಿಲ್ಲಿಸುವುದು. ಹಾಗಾದರೆ ತಳ್ಳುವ ಶಕ್ತಿ ಎಲ್ಲಿಂದ? ಕೆನಡಾದ ಡೇವಿಡ್ ವಿಂಟರ್ ಲೆಕ್ಕ ಹಾಕಿದಾಗ ಹೆಜ್ಜೆಯ ಕೊನೆಗೆ ಕಣಕಾಲಿನಲ್ಲಿ ದೊಡ್ಡ ಶಕ್ತಿಯೇ ಕಂಡಿತು. 2001ರಲ್ಲಿ ಜಪಾನಿನ ಫುಕುನಾಗಾ ಮತ್ತು ಸಂಗಡಿಗರು ನಡೆಯುವವರ ಮೀನಖಂಡವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. ಸ್ನಾಯುವಿನ ನಾರು ಹೆಚ್ಚುಕಡಿಮೆ ಅದೇ ಉದ್ದದಲ್ಲಿ ನಿಂತಿತ್ತು. ಹಿಗ್ಗಿ, ಕೊನೆಗೆ ಚಿಮ್ಮುತ್ತಿದ್ದದ್ದು ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಇಎಂಜಿಗೆ ಅದು ಕಾಣುವುದೇ ಇಲ್ಲ, ಯಾಕೆಂದರೆ ಅದರಲ್ಲಿ ವಿದ್ಯುತ್ತು ಹುಟ್ಟುವುದಿಲ್ಲ.

ಇದೆಲ್ಲ ನಮ್ಮ ಊರಿನವರಿಗೆ ಯಾಕೆ ಬೇಕು? ಲಕ್ವ ಹೊಡೆದವರನ್ನು ನೋಡಿ. ಹೆಜ್ಜೆ ಎತ್ತಿದಾಗ ಪಾದ ಜೋತು ಬಿದ್ದು ಬೆರಳು ನೆಲಕ್ಕೆ ತಾಗುತ್ತದೆ. ಮಂಡಿಯ ಕೆಳಗೆ ಕಾಲಿನ ಮುಂಭಾಗದಲ್ಲಿರುವ ಸ್ನಾಯು ಪಾದ ಎತ್ತಲಾರದೆ ಹೀಗಾಗಬಹುದು. ಸುಮ್ಮನಿರಬೇಕಾದ ಹೊತ್ತಿನಲ್ಲಿ ಮೀನಖಂಡ ಬಿಗಿದು ಕೆಳಕ್ಕೆ ಎಳೆಯುವುದರಿಂದಲೂ ಆಗಬಹುದು. ಕಣ್ಣಿಗೆ ಎರಡೂ ಒಂದೇ ಥರ. ಚಿಕಿತ್ಸೆ ಬೇರೆ. ಮೊದಲನೆಯದಕ್ಕೆ ಪಾದ ಎತ್ತಿ ಹಿಡಿಯುವ ಪಟ್ಟಿ, ವ್ಯಾಯಾಮ. ಎರಡನೆಯದಕ್ಕೆ ಬಿಗಿತ ಇಳಿಸಬೇಕು, ಕೆಲವರಿಗೆ ಬೊಟುಲಿನಮ್ ಇಂಜೆಕ್ಷನ್ ಕೊಡುತ್ತಾರೆ. ತುದಿಗಾಲಿನಲ್ಲಿ ನಡೆಯುವ ಸೆರೆಬ್ರಲ್ ಪಾಲ್ಸಿ ಮಕ್ಕಳ ವಿಷಯದಲ್ಲೂ ಇಂಥದೇ ಪ್ರಶ್ನೆ ಬರುತ್ತದೆ. ಮಲಗಿಸಿ ಮಾಡುವ ಟೆಸ್ಟ್ ಇದಕ್ಕೆ ಪೂರ್ತಿ ಉತ್ತರ ಕೊಡಲಾರದು, ನಡೆಸಿಯೇ ನೋಡಬೇಕು.

ಸಾಧನ ಈಗ ಚಿಕ್ಕದಾಗಿದೆ. ಮೀನಖಂಡದ ಮೇಲೆ ಅಂಟಿಸುವ ವೈರ್‌ಲೆಸ್ ಸೆನ್ಸರ್ ಬೆರಳುಗಳ ನಡುವೆ ಹಿಡಿಸುತ್ತದೆ. ಕಷ್ಟ ಇರುವುದು ಸಾಧನದ ಗಾತ್ರದಲ್ಲಲ್ಲ, ಕೈಚಳಕದಲ್ಲಿ. ಸಿಗುವ ವಿದ್ಯುತ್ತು ಹೆಚ್ಚೆಂದರೆ ಕೆಲವು ಮಿಲಿವೋಲ್ಟ್. ಚರ್ಮ ಜಾರಿದರೆ, ಬೆವರಿದರೆ, ಪಕ್ಕದ ಸ್ನಾಯುವಿನ ವಿದ್ಯುತ್ತು ಸೇರಿದರೆ ಅಳತೆಯ ಗೆರೆ ಕೆಡುತ್ತದೆ. ಗೋಡೆಯೊಳಗಿನ ಕರೆಂಟಿನ 50 ಹರ್ಟ್ಸ್ ಕೂಡ ನುಗ್ಗುತ್ತದೆ. ಒಬ್ಬರ ಅಂಕಿಯನ್ನು ಇನ್ನೊಬ್ಬರದರ ಜೊತೆ ನೇರವಾಗಿ ಹೋಲಿಸುವಂತಿಲ್ಲ. ಅವರವರ ಪೂರ್ತಿ ಬಲದ ಬಿಗಿತವನ್ನು ಮೊದಲು ಅಳೆದು, ಅದರ ಲೆಕ್ಕದಲ್ಲೇ ಓದಬೇಕು. ಇದನ್ನು ಬಲ್ಲ ಫಿಸಿಯೋಥೆರಪಿಸ್ಟ್‌ಗಳು ಜಿಲ್ಲಾ ಮಟ್ಟದಲ್ಲಿ ಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಡಿಗೆಯ ಲ್ಯಾಬ್‌ನ ನೆಲ ಸಮತಟ್ಟು. ಏರು ಹತ್ತುವಾಗ ಮೀನಖಂಡದ ಕೆಲಸ ಹೆಚ್ಚುತ್ತದೆ, ಇಳಿಯುವಾಗ ತೊಡೆಯ ಮುಂಭಾಗಕ್ಕೆ ಹೊರೆ ಬೀಳುತ್ತದೆ. ಮೂಡಿಗೆರೆಯ ಕಡೆಯ ಲೈನ್ ಮನೆಯಿಂದ ತೋಟಕ್ಕೆ ಇಳಿದು ಹೋಗಬೇಕಾದವರನ್ನು ನುಣುಪು ನೆಲದ ಮೇಲೆ ಹತ್ತು ಹೆಜ್ಜೆ ನಡೆಸಿ ‘ಸರಿ ಇದೆ’ ಅಂದರೆ ಅವರ ಕಷ್ಟ ಅರ್ಧ ಮಾತ್ರ ಗೊತ್ತಾದ ಹಾಗೆ. ಅಳೆಯುವ ಜಾಗದಲ್ಲಿ ಒಂದು ಇಳಿಜಾರು, ನಾಲ್ಕು ಮೆಟ್ಟಿಲು ಇರಲೇಬೇಕು. ಸಾಧ್ಯವಾದರೆ ಬರಿಗಾಲಿನಲ್ಲಿ ಒಮ್ಮೆ, ಕೆಲಸದ ಚಪ್ಪಲಿಯಲ್ಲಿ ಒಮ್ಮೆ ನೋಡಬೇಕು.